ಮೋನೆಯ ಬಲಗಣ್ಣು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಸಮಿತಿಯವರು ಫೋನ್ ಮಾಡಿದಾಗ, ಎಲ್ಲರಂತೆ ನಾನೂ ಶಾಲೆಯ ನೆನಪುಗಳನ್ನೇ ಬರೆಯೋಣ ಎಂದುಕೊಂಡಿದ್ದೆ. ಹೆಂಚಿನ ಕೊಠಡಿ, ಮಳೆ ಬಂದರೆ ಬೆಂಚು ಸರಿಸುತ್ತಿದ್ದದ್ದು, ಎಸ್ಸೆಸ್ಸೆಲ್ಸಿಯ ಸಂಜೆ ತರಗತಿಗಳು. ಬರೆಯಲು ಕುಳಿತರೆ ಮತ್ತೆ ಮತ್ತೆ ಕಣ್ಣ ಮುಂದೆ ಬಂದವರು ನಮ್ಮ ಡ್ರಾಯಿಂಗ್ ಮೇಷ್ಟ್ರು. ಆದ್ದರಿಂದ ಅವರು ನಮಗೆ ಪರಿಚಯಿಸಿದ ಒಬ್ಬ ಚಿತ್ರಕಾರರ ಬದುಕಿನ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಅದಕ್ಕೊಂದು ಕಾರಣವಿದೆ.

ಎಂಟನೇ ತರಗತಿಯಲ್ಲಿ ಮೇಷ್ಟ್ರು ಒಂದು ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಬೋರ್ಡಿಗೆ ಅಂಟಿಸಿದ್ದರು. ಅದರಲ್ಲಿ ಒಂದು ಕೊಳ, ಕೊಳದ ತುಂಬ ನೈದಿಲೆ. ಹತ್ತಿರದಿಂದ ನೋಡಿದರೆ ಬರೀ ಬಣ್ಣದ ಗೀಚು. ಚಿತ್ರ ಪೂರ್ತಿ ಆಗಿಲ್ಲ ಎಂದು ನಾವು ನಕ್ಕೆವು. ಮೇಷ್ಟ್ರು ನಮ್ಮನ್ನೆಲ್ಲ ಎಬ್ಬಿಸಿ ಹಿಂದಿನ ಗೋಡೆಯ ಬಳಿ ನಿಲ್ಲಿಸಿದರು. ಅಲ್ಲಿಂದ ನೋಡಿದಾಗ ಗೀಚು ಮಾಯವಾಗಿ ನೀರು ಮಿನುಗುತ್ತಿತ್ತು. ಅದನ್ನು ಬರೆದವರು ಫ್ರಾನ್ಸ್ ದೇಶದ ಕ್ಲಾಡ್ ಮೋನೆ ಎಂದು ಹೇಳಿ ಹೆಸರನ್ನು ಬೋರ್ಡಿನ ಮೇಲೆ ಬರೆದರು. ಪರೀಕ್ಷೆಗೆ ಬರುವ ವಿಷಯವಲ್ಲವಾದ್ದರಿಂದ ನಾವು ಮರೆತೆವು.

ಎರಡು ವರ್ಷದ ಹಿಂದೆ ಯುಗಾದಿಗೆ ಊರಿಗೆ ಬಂದವನು ಮೇಷ್ಟ್ರ ಮನೆಗೆ ಹೋದೆ. ಕಾಲು ಮುಟ್ಟಿ ನಮಸ್ಕಾರ ಮಾಡಿದರೆ, ನನ್ನ ದನಿ ಕೇಳುವವರೆಗೂ ಅವರಿಗೆ ಗುರುತೇ ಸಿಗಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್‌ಗೆ ಮಾತ್ರ ಒಪ್ಪುತ್ತಿರಲಿಲ್ಲ. ಬಹಳ ಹಿಂದೆ ಅವರ ಅಣ್ಣನಿಗೆ ಪೊರೆ ತೆಗೆದಾಗ ಕೀವಾಗಿ ಆ ಕಣ್ಣು ಪೂರ್ತಿ ಹೋಗಿತ್ತಂತೆ. ನಾನು ಬೆಂಗಳೂರಿನವನ ಗತ್ತಿನಲ್ಲಿ, ಈಗಿನ ಕಾಲದಲ್ಲಿ ಅದು ಹತ್ತು ನಿಮಿಷದ ಕೆಲಸ, ಏನೂ ಆಗುವುದಿಲ್ಲ, ಸಂಜೆಗೆ ಮನೆಗೆ ಬಂದುಬಿಡಬಹುದು ಎಂದು ಭಾಷಣ ಮಾಡಿದೆ. ಶಿಷ್ಯ ಹೇಳಿದನೆಂದು ಅವರು ನಂಬಿದರು. ಬಲಗಣ್ಣಿಗೆ ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು. ಆದರೆ ಎಂಟು ತಿಂಗಳಾಗುವಷ್ಟರಲ್ಲಿ ಅದೇ ಕಣ್ಣಿಗೆ ಮತ್ತೆ ಮಂಜು ಕವಿಯಿತು. ಮೇಷ್ಟ್ರು ನನಗೆ ಫೋನ್ ಮಾಡಲಿಲ್ಲ. ಅವರ ಮಗಳು ಮಾಡಿದರು. ಏನೂ ಆಗುವುದಿಲ್ಲ ಎಂದು ನಾನು ಹೇಳಿದ್ದ ಮಾತನ್ನು ಅಪ್ಪ ದಿನಕ್ಕೊಂದು ಸಲ ನೆನಪಿಸುತ್ತಾರೆ ಎಂದರು. ಎಡಗಣ್ಣನ್ನಂತೂ ಯಾರಿಗೂ ಮುಟ್ಟಗೊಡುವುದಿಲ್ಲವಂತೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪೊರೆ ತೆಗೆದ ಮೇಲೆ ಮತ್ತೆ ಮಬ್ಬಾಗುವುದು ಏಕೆ ಎಂದು ಓದುತ್ತಾ ಹೋದಾಗ ಒಂದು ಕಡೆ ಆ ಹೆಸರು ಸಿಕ್ಕಿತು: ಕ್ಲಾಡ್ ಮೋನೆ. ನೂರು ವರ್ಷದ ಹಿಂದೆ, ಅವರ ಬಲಗಣ್ಣಿಗೂ ಇದೇ ಆಗಿತ್ತು. ಅಲ್ಲಿಂದ ಅವರ ಬದುಕನ್ನು ಪೂರ್ತಿ ಓದಿದೆ.

ಮೋನೆ ಹುಟ್ಟಿದ್ದು 1840ರ ನವೆಂಬರ್ 14ರಂದು, ಪ್ಯಾರಿಸ್‌ನಲ್ಲಿ. ಬೆಳೆದದ್ದು ಲ ಹಾವ್ರ್ ಎಂಬ ಬಂದರು ಪಟ್ಟಣದಲ್ಲಿ. ಓದಿನಲ್ಲಿ ಅಷ್ಟಕ್ಕಷ್ಟೆ, ನೋಟ್‌ಬುಕ್ಕಿನ ಅಂಚಿನಲ್ಲಿ ಮೇಷ್ಟ್ರುಗಳ ವ್ಯಂಗ್ಯಚಿತ್ರ ಬರೆಯುವ ಹುಡುಗ. ಮುಂದೆ ಅಂಥ ಚಿತ್ರಗಳನ್ನು ಮಾರಿ ಕಾಸು ಮಾಡಿಕೊಂಡದ್ದೂ ಉಂಟು. ಅಲ್ಲಿ ಯೂಜೀನ್ ಬೂದಾಂ ಎಂಬ ಚಿತ್ರಕಾರರು ಅವರನ್ನು ಕೋಣೆಯಿಂದ ಹೊರಗೆ ಕರೆದುಕೊಂಡು ಹೋಗಿ, ಬಯಲಿನಲ್ಲಿ ನಿಂತು ಕಣ್ಣಿಗೆ ಕಂಡ ಬೆಳಕನ್ನೇ ಬರೆಯುವುದನ್ನು ಕಲಿಸಿದರು. ಒಬ್ಬ ಒಳ್ಳೆಯ ಮೇಷ್ಟ್ರು ಸಿಕ್ಕಿದರೆ ಏನಾಗುತ್ತದೆ ಎಂಬುದಕ್ಕೆ ಇದೊಂದು ಉದಾಹರಣೆ.

ಮುಂದಿನ ದಿನಗಳು ಬಡತನದವು. 1874ರಲ್ಲಿ ಮೋನೆ ಮತ್ತು ಅವರ ಗೆಳೆಯರು ಸರ್ಕಾರಿ ಪ್ರದರ್ಶನದ ಹಂಗು ಬಿಟ್ಟು ತಮ್ಮದೇ ಪ್ರದರ್ಶನ ಏರ್ಪಡಿಸಿದರು. ಅದರಲ್ಲಿ ಲ ಹಾವ್ರ್ ಬಂದರಿನ ಸೂರ್ಯೋದಯದ ಒಂದು ಚಿತ್ರವಿತ್ತು. ಅದರ ಹೆಸರಿನಲ್ಲಿದ್ದ ಇಂಪ್ರೆಷನ್ ಎಂಬ ಪದವನ್ನು ಹಿಡಿದುಕೊಂಡು ಒಬ್ಬ ವಿಮರ್ಶಕ ಗುಂಪನ್ನೇ ಗೇಲಿ ಮಾಡಿದ. ಗೇಲಿಯ ಆ ಹೆಸರೇ ಮುಂದೆ ಗೌರವದ ಹೆಸರಾಯಿತು. 1879ರಲ್ಲಿ ಹೆಂಡತಿ ಕಮೀಲ್ ಇಬ್ಬರು ಗಂಡುಮಕ್ಕಳನ್ನು ಬಿಟ್ಟು ತೀರಿಕೊಂಡರು. 1883ರಲ್ಲಿ ಮೋನೆ ಜಿವರ್ನಿ ಎಂಬ ಹಳ್ಳಿಗೆ ಬಂದು ನೆಲೆಸಿದರು. ಕೈಗೆ ನಾಲ್ಕು ಕಾಸು ಬಂದ ಮೇಲೆ ಅದೇ ಮನೆಯನ್ನು ಕೊಂಡು, ತೋಟ ಮಾಡಿ, ಪಕ್ಕದ ಜಾಗ ಹಿಡಿದು ಕೊಳ ತೋಡಿಸಿ, ಅದರಲ್ಲಿ ನೈದಿಲೆ ಬೆಳೆಸಿದರು. ಕೊಳಕ್ಕೆ ಜಪಾನೀ ಮಾದರಿಯ ಒಂದು ಕಾಲುಸೇತುವೆ ಕಟ್ಟಿಸಿದರು. ನಮ್ಮ ಬೋರ್ಡಿನ ಮೇಲಿದ್ದ ಕ್ಯಾಲೆಂಡರಿನ ಕೊಳ ಅದೇ.

ಮೋನೆಯ ಕೆಲಸದ ಪದ್ಧತಿ ವಿಚಿತ್ರವಾದದ್ದು. ಒಂದೇ ಹುಲ್ಲಿನ ಬಣವೆಯನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಂಜಿನಲ್ಲಿ, ಹಿಮದಲ್ಲಿ ಬೇರೆ ಬೇರೆ ಕ್ಯಾನ್ವಾಸಿನ ಮೇಲೆ ಬರೆಯುವುದು. ರುವಾಂ ಊರಿನ ಚರ್ಚಿನ ಮುಖವನ್ನೂ ಹೀಗೆಯೇ ಸುಮಾರು ಮೂವತ್ತು ಸಲ ಬರೆದರು. ಬೆಳಕು ಬದಲಾದ ಕೂಡಲೇ ಕ್ಯಾನ್ವಾಸ್ ಬದಲು. ಇಂಥ ಮನುಷ್ಯನಿಗೆ ಕಣ್ಣೇ ಬಂಡವಾಳ. ಆ ಬಂಡವಾಳಕ್ಕೇ ಪೆಟ್ಟು ಬಿತ್ತು.

1911ರಲ್ಲಿ ಎರಡನೆಯ ಹೆಂಡತಿ ಆಲೀಸ್ ತೀರಿಕೊಂಡರು. ಮರುವರ್ಷ, 1912ರಲ್ಲಿ, ವೈದ್ಯರು ಎರಡೂ ಕಣ್ಣಿನಲ್ಲಿ ಪೊರೆ ಇದೆ ಎಂದರು. 1914ರಲ್ಲಿ ಹಿರಿಯ ಮಗ ಜಾನ್ ತೀರಿಕೊಂಡ. ಮನೆಯಲ್ಲಿ ನೋಡಿಕೊಳ್ಳಲು ಉಳಿದವರು ಬ್ಲಾಂಶ್. ಆಕೆ ಆಲೀಸ್‌ರ ಮಗಳು, ಜಾನ್‌ನ ಹೆಂಡತಿ, ಸ್ವತಃ ಚಿತ್ರಕಾರ್ತಿ.

ಪೊರೆ ಎಂದರೆ ಕಣ್ಣಿನ ಮೇಲೆ ಬೆಳೆಯುವ ಚರ್ಮ ಎಂದು ನಾನು ಬಹಳ ದಿನ ತಿಳಿದಿದ್ದೆ. ಹಾಗಲ್ಲ. ಪಾಪೆಯ ಹಿಂದೆ, ಒಂದು ತೆಳುವಾದ ಚೀಲದೊಳಗೆ, ಗಾಜಿನಂತೆ ತಿಳಿಯಾದ ಲೆನ್ಸ್ ಇರುತ್ತದೆ. ವಯಸ್ಸಾದಂತೆ ಅದೇ ಮಬ್ಬಾಗುತ್ತದೆ. ಮೊದಲು ಹಳದಿ, ಆಮೇಲೆ ಕಂದು. ಹಳೆಯ ಲಾಂದ್ರದ ಹೊಗೆ ಹಿಡಿದ ಗಾಜಿನ ಹಾಗೆ. ಅದು ಮೊದಲು ತಡೆಯುವುದು ನೀಲಿ ಮತ್ತು ನೇರಳೆ ಬಣ್ಣಗಳನ್ನು. ಆ ವರ್ಷಗಳಲ್ಲಿ ಮೋನೆ ಬರೆದ ಜಪಾನೀ ಸೇತುವೆಯ ಚಿತ್ರಗಳನ್ನು ನೋಡಿದರೆ ಇದು ಅರ್ಥವಾಗುತ್ತದೆ. ಇಪ್ಪತ್ತು ವರ್ಷದ ಹಿಂದಿನ ಚಿತ್ರದಲ್ಲಿ ತಣ್ಣನೆಯ ಹಸಿರು ಮತ್ತು ನೀಲಿ. ಈಗ ಅದೇ ಸೇತುವೆ ಕೆಂಪು, ಕಂದುಗಳ ಬೆಂಕಿಯೊಳಗೆ ಸಿಕ್ಕಿಕೊಂಡಂತಿದೆ. ಬಣ್ಣ ನಂಬಲಾಗದೆ ಅವರು ಟ್ಯೂಬಿನ ಮೇಲಿನ ಹೆಸರು ನೋಡಿ ಬಣ್ಣ ತೆಗೆಯುತ್ತಿದ್ದರು; ಪ್ಯಾಲೆಟ್ಟಿನ ಮೇಲೆ ಯಾವ ಬಣ್ಣ ಎಲ್ಲಿ ಎಂಬುದನ್ನು ಬದಲಿಸುತ್ತಿರಲಿಲ್ಲ. ಬಿಸಿಲಿನ ಝಳಕ್ಕೆ ಅಗಲ ಅಂಚಿನ ಹುಲ್ಲಿನ ಟೋಪಿ ಹಾಕುತ್ತಿದ್ದರು.

ಆಪರೇಷನ್ ಎಂದರೆ ಮಾತ್ರ ಬೇಡ. ಹತ್ತು ವರ್ಷ ಬೇಡ ಎಂದರು. ಅದನ್ನು ಹಟ ಎಂದು ಬಿಡುವುದು ಸುಲಭ. ಆದರೆ ಅವರ ಹೆದರಿಕೆಗೆ ಆಧಾರವಿತ್ತು. ಅವರ ಬಳಗದವರೇ ಆದ ಅಮೆರಿಕದ ಚಿತ್ರಕಾರ್ತಿ ಮೇರಿ ಕಸಾಟ್ ಪೊರೆಗಾಗಿ ಹಲವು ಆಪರೇಷನ್ ಮಾಡಿಸಿಕೊಂಡೂ ದೃಷ್ಟಿ ಕಳೆದುಕೊಂಡಿದ್ದರು. ಅದಕ್ಕೂ ಹಿಂದೆ, 1750ರಲ್ಲಿ, ಜರ್ಮನಿಯ ಮಹಾ ಸಂಗೀತಗಾರ ಬಾಖ್ ಅವರು ಕಣ್ಣಿನ ಆಪರೇಷನ್ ಆಗಿ ಕೆಲವೇ ತಿಂಗಳಲ್ಲಿ ತೀರಿಕೊಂಡಿದ್ದರು. ಮೋನೆಯ ಕಾಲಕ್ಕೆ ಪರಿಸ್ಥಿತಿ ಅಷ್ಟು ಕೆಟ್ಟದಾಗಿರಲಿಲ್ಲ. ಕಣ್ಣು ಮರಗಟ್ಟಿಸುವ ಹನಿ 1884ರಿಂದಲೇ ಬಂದಿತ್ತು, ಉಪಕರಣಗಳನ್ನು ಕುದಿಸುವುದೂ ರೂಢಿಯಾಗಿತ್ತು. ಆದರೂ ಕೀವಾದರೆ ಕೊಡಲು ಪೆನಿಸಿಲಿನ್ ಇರಲಿಲ್ಲ. ಕಣ್ಣಿನ ಅಂಚಿನಲ್ಲಿ ದೊಡ್ಡ ಗಾಯ ಮಾಡಿ ಲೆನ್ಸ್ ಹೊರಗೆ ತೆಗೆಯಬೇಕಿತ್ತು. ಆ ಗಾಯ ತಾನಾಗಿ ಕೂಡಬೇಕು. ನಡುವೆ ಕೆಮ್ಮಿದರೂ ಅಪಾಯ.

ಇಷ್ಟರ ನಡುವೆ ಮೋನೆ ಒಂದು ದೊಡ್ಡ ಕೆಲಸಕ್ಕೆ ಕೈಹಾಕಿದ್ದರು. ಒಂದೊಂದೂ ಎರಡು ಮೀಟರ್ ಎತ್ತರದ ಕ್ಯಾನ್ವಾಸುಗಳಲ್ಲಿ ತಮ್ಮ ಕೊಳವನ್ನೇ ಬರೆಯುವುದು; ನೋಡುವವರ ಸುತ್ತಲೂ ನೀರೇ ಇರಬೇಕು. ಅದಕ್ಕಾಗಿ ಮನೆಯ ಬಳಿ ದೊಡ್ಡ ಕೊಠಡಿ ಕಟ್ಟಿಸಿದರು. ಮೊದಲ ಮಹಾಯುದ್ಧ ನಿಂತ ಮರುದಿನ, 1918ರ ನವೆಂಬರ್ 12ರಂದು, ಇವುಗಳಲ್ಲಿ ಎರಡನ್ನು ದೇಶಕ್ಕೆ ಕೊಡುತ್ತೇನೆಂದು ಆಗಿನ ಪ್ರಧಾನಿ ಜಾರ್ಜ್ ಕ್ಲೆಮೆನ್ಸೋ ಅವರಿಗೆ ಕಾಗದ ಬರೆದರು. ಇಬ್ಬರೂ ಹಳೆಯ ಗೆಳೆಯರು. ಕೊಡುಗೆ ಬೆಳೆಯುತ್ತಾ ಹೋಯಿತು. 1922ರ ಏಪ್ರಿಲ್‌ನಲ್ಲಿ ಸರ್ಕಾರದೊಂದಿಗೆ ಕರಾರು ಪತ್ರಕ್ಕೆ ಸಹಿಯಾಯಿತು. ಮಾತು ಕೊಟ್ಟಾಗಿದೆ, ಗಡುವೂ ಇದೆ, ಕಣ್ಣು ಮಾತ್ರ ಇಲ್ಲ.

ಕ್ಲೆಮೆನ್ಸೋ ವೈದ್ಯಕೀಯ ಓದಿದವರು. ಗೆಳೆಯನ ಬೆನ್ನುಬಿದ್ದರು. ಅವರ ಒತ್ತಾಯಕ್ಕೆ 1922ರ ಸೆಪ್ಟೆಂಬರ್‌ನಲ್ಲಿ ಮೋನೆ ಪ್ಯಾರಿಸ್‌ನ ಕಣ್ಣಿನ ಡಾಕ್ಟರ್ ಶಾರ್ಲ್ ಕುಟೆಲಾ ಅವರ ಮುಂದೆ ಕುಳಿತರು. ಬಲಗಣ್ಣಿಗೆ ಬೆಳಕು ಎಲ್ಲಿದೆ ಎಂಬುದಷ್ಟೇ ತಿಳಿಯುತ್ತಿತ್ತು. ಎಡಗಣ್ಣಿನಲ್ಲಿ ಹತ್ತರಲ್ಲಿ ಒಂದು ಪಾಲು ದೃಷ್ಟಿ ಉಳಿದಿತ್ತು. ಪಾಪೆ ಹಿಗ್ಗಿಸುವ ಹನಿ ಹಾಕಿದಾಗ ಎಡಗಣ್ಣು ಕೆಲವು ದಿನ ಚುರುಕಾಯಿತು. ಮೋನೆ ಹಿಗ್ಗಿ, ಆಪರೇಷನ್ ಬೇಡವೆಂದುಕೊಂಡರು. ಆ ಸುಖ ಬಹಳ ದಿನ ಉಳಿಯಲಿಲ್ಲ.

1923ರ ಜನವರಿಯಲ್ಲಿ, ತಮ್ಮ 82ನೆಯ ವಯಸ್ಸಿನಲ್ಲಿ, ಅವರು ಬಲಗಣ್ಣನ್ನು ಒಪ್ಪಿಸಿದರು. ಅದು ಎರಡು ಕಂತಿನಲ್ಲಿ ನಡೆಯಿತು. ಮೊದಲು ಪಾಪೆಯ ಅಂಚಿನ ಒಂದು ತುಣುಕು ತೆಗೆದು ದಾರಿ ಮಾಡಿದರು. ಕೆಲವು ವಾರದ ನಂತರ ಲೆನ್ಸ್ ತೆಗೆದರು, ಅದರ ಹಿಂಬದಿಯ ಚೀಲವನ್ನು ಒಳಗೇ ಉಳಿಸಿದರು. ಕಷ್ಟವಾದದ್ದು ಆಪರೇಷನ್ ಅಲ್ಲ, ಆಮೇಲಿನ ದಿನಗಳು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆ ಅಲುಗದಂತೆ ಎರಡು ಬದಿಗೆ ಮರಳಿನ ಚೀಲ ಇಟ್ಟು ಅಂಗಾತ ಮಲಗಿಸಿದರು. ದಿನಗಟ್ಟಲೆ ಕತ್ತಲು. ಬದುಕೆಲ್ಲ ಬೆಳಕಿನ ಹಿಂದೆ ಓಡಾಡಿದ ಮನುಷ್ಯ ಸಿಟ್ಟಿಗೆದ್ದು ಪಟ್ಟಿ ಕಿತ್ತುಹಾಕಲು ಹೋದರು.

ಪಟ್ಟಿ ಬಿಚ್ಚಿದ ಮೇಲೆ ಸ್ವಲ್ಪ ಕಂಡಿತು. ಆದರೆ ಕೆಲವೇ ತಿಂಗಳಲ್ಲಿ ಮತ್ತೆ ಮಬ್ಬು. ಒಳಗೆ ಉಳಿಸಿದ್ದ ಚೀಲದ ಹಿಂಭಾಗ ದಪ್ಪವಾಗಿ ಪರದೆಯಂತಾಗಿತ್ತು. ಜುಲೈನಲ್ಲಿ ಕುಟೆಲಾ ಮತ್ತೊಮ್ಮೆ ಕಣ್ಣಿಗೆ ಉಪಕರಣ ಹಾಕಿ ಆ ಪರದೆಯನ್ನು ಸೀಳಬೇಕಾಯಿತು. ನಮ್ಮ ಮೇಷ್ಟ್ರಿಗೆ ಆದದ್ದು ಇದೇ. ಇದು ಡಾಕ್ಟರ ತಪ್ಪಲ್ಲ, ರೋಗಿಯ ತಪ್ಪೂ ಅಲ್ಲ. ಚೀಲದಲ್ಲಿ ಉಳಿದ ಕೆಲವು ಜೀವಕೋಶಗಳು ಮತ್ತೆ ಬೆಳೆದು ಹಬ್ಬುವುದರಿಂದ ಹೀಗಾಗುತ್ತದೆ. ಪೊರೆ ಆಪರೇಷನ್ ಆದ ಮೇಲೆ ಕಾಣಿಸಿಕೊಳ್ಳುವ ತೊಂದರೆಗಳಲ್ಲಿ ಇದೇ ಬಹಳ ಸಾಮಾನ್ಯ.

ಮೋನೆಯ ಕಷ್ಟ ಅಲ್ಲಿಗೂ ಮುಗಿಯಲಿಲ್ಲ. ತೆಗೆದ ಲೆನ್ಸಿನ ಜಾಗದಲ್ಲಿ ಇಡಲು ಆಗ ಏನೂ ಇರಲಿಲ್ಲ. ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕವೇ ಗತಿ. ಅದರಲ್ಲಿ ವಸ್ತುಗಳು ಕಾಲು ಪಾಲಿಗೂ ಮೀರಿ ದೊಡ್ಡದಾಗಿ ಕಾಣುತ್ತವೆ, ನೆಟ್ಟಗಿನ ಗೆರೆ ಬಾಗುತ್ತದೆ. ಒಂದು ಕಣ್ಣು ದೊಡ್ಡದಾಗಿ, ಇನ್ನೊಂದು ಕಣ್ಣು ಮೊದಲಿನಂತೆ ತೋರಿಸಿದರೆ ಮೆದುಳು ಎರಡನ್ನೂ ಸೇರಿಸಲಾರದು. ಹಾಗಾಗಿ ಒಂದು ಕಣ್ಣನ್ನು ಮುಚ್ಚಿಕೊಂಡೇ ನೋಡಬೇಕಾಯಿತು. ಬಣ್ಣದ ಪಾಡು ಇನ್ನೂ ವಿಚಿತ್ರ. ಒಮ್ಮೆ ಎಲ್ಲವೂ ಹಳದಿ, ಇನ್ನೊಮ್ಮೆ ಎಲ್ಲವೂ ನೀಲಿ. ವರ್ಷಗಟ್ಟಲೆ ಕಂದು ಗಾಜಿನೊಳಗಿಂದ ನೋಡಿ ಒಗ್ಗಿಹೋದ ಮೆದುಳಿಗೆ, ಆ ಗಾಜು ತೆಗೆದ ಕೂಡಲೇ ನೀಲಿ ನುಗ್ಗಿ ಬಂತು. ನಮ್ಮ ಮೊಬೈಲ್ ಕ್ಯಾಮೆರಾ ಬೆಳಕು ಬದಲಾದಾಗ ಬಿಳಿಯನ್ನು ಮತ್ತೆ ಸರಿಹೊಂದಿಸಿಕೊಳ್ಳಲು ಒಂದು ಕ್ಷಣ ತಡವರಿಸುತ್ತದಲ್ಲ, ಹಾಗೆ. ಮೋನೆಯ ಮಟ್ಟಿಗೆ ಆ ಕ್ಷಣ ತಿಂಗಳುಗಟ್ಟಲೆ ಎಳೆಯಿತು.

ಅವರು ಡಾಕ್ಟರ ಮೇಲೆ ಹರಿಹಾಯ್ದರು. ಕೆಲವು ಕ್ಯಾನ್ವಾಸುಗಳನ್ನು ತಿದ್ದಿದರು, ಕೆಲವನ್ನು ನಾಶ ಮಾಡಿದರು. ಸರ್ಕಾರಕ್ಕೆ ಕೊಟ್ಟ ಮಾತನ್ನೇ ಹಿಂದಕ್ಕೆ ತೆಗೆದುಕೊಳ್ಳುವ ಹಂತಕ್ಕೆ ಬಂದಾಗ ಕ್ಲೆಮೆನ್ಸೋ ಕೋಪಗೊಂಡರು. ಎಡಗಣ್ಣಿಗೂ ಆಪರೇಷನ್ ಮಾಡಿಸಿಕೊಂಡರೆ ಎರಡೂ ಸಮವಾಗುತ್ತದೆ ಎಂದು ಬುದ್ಧಿ ಹೇಳಿದರೂ ಮೋನೆ ಕೊನೆಯವರೆಗೂ ಒಪ್ಪಲಿಲ್ಲ. 1924ರಲ್ಲಿ ಜಾಕ್ ಮಾವಾಸ್ ಎಂಬ ಇನ್ನೊಬ್ಬ ಕಣ್ಣಿನ ಡಾಕ್ಟರ್ ಬಂದು ಅವರಿಗೆ ಬಣ್ಣದ ಛಾಯೆಯ ಬೇರೆ ಬೇರೆ ಕನ್ನಡಕಗಳನ್ನು ತಾಳ್ಮೆಯಿಂದ ಹೊಂದಿಸಿದರು. 1925ರ ಬೇಸಿಗೆಯ ಹೊತ್ತಿಗೆ ಒಂದೇ ಕಣ್ಣಿನಿಂದ, ಹೊಸ ಕನ್ನಡಕದಿಂದ, ಮೋನೆಗೆ ಬಣ್ಣಗಳು ಮತ್ತೆ ದಕ್ಕಿದವು. ಹುಮ್ಮಸ್ಸಿನಿಂದ ಮತ್ತೆ ಆ ದೊಡ್ಡ ಕ್ಯಾನ್ವಾಸುಗಳ ಮುಂದೆ ನಿಂತರು.

1926ರ ಡಿಸೆಂಬರ್ 5ರಂದು, 86ನೆಯ ವಯಸ್ಸಿನಲ್ಲಿ, ಶ್ವಾಸಕೋಶದ ಕ್ಯಾನ್ಸರಿನಿಂದ ಮೋನೆ ಜಿವರ್ನಿಯಲ್ಲಿ ತೀರಿಕೊಂಡರು. ಆ ಚಿತ್ರಗಳನ್ನು ಕೊನೆಯವರೆಗೂ ತಮ್ಮ ಕೈಯಿಂದ ಬಿಟ್ಟಿರಲಿಲ್ಲ. 1927ರ ಮೇ ತಿಂಗಳಲ್ಲಿ ಪ್ಯಾರಿಸ್‌ನ ಒರಾಂಜರಿ ಕಟ್ಟಡದ ಎರಡು ಮೊಟ್ಟೆಯಾಕಾರದ ಕೋಣೆಗಳಲ್ಲಿ 22 ಫಲಕಗಳ ಎಂಟು ಚಿತ್ರಗಳು ಜನರಿಗೆ ತೆರೆದವು. ಅಕ್ಕಪಕ್ಕ ಇಟ್ಟರೆ ಒಟ್ಟು ಉದ್ದ ಸುಮಾರು 91 ಮೀಟರ್. ಅದರ ಕೊನೆಯ ತಿದ್ದುಗಳನ್ನು ಮಾಡಿದ್ದು ಮೂರು ಸಲ ಕತ್ತರಿ ಕಂಡ ಆ ಬಲಗಣ್ಣು.

ಮೋನೆ ಹೋಗಿ 23 ವರ್ಷದ ನಂತರ, 1949ರಲ್ಲಿ, ಲಂಡನ್ನಿನ ಹೆರಾಲ್ಡ್ ರಿಡ್ಲಿ ಎಂಬ ಡಾಕ್ಟರು ಮೊದಲ ಬಾರಿಗೆ ಕಣ್ಣಿನೊಳಗೆ ಪ್ಲಾಸ್ಟಿಕ್ ಲೆನ್ಸ್ ಇಟ್ಟರು. ಯುದ್ಧವಿಮಾನದ ಪೈಲಟ್‌ಗಳ ಕಣ್ಣಿಗೆ ಕಾಕ್‌ಪಿಟ್ಟಿನ ಪ್ಲಾಸ್ಟಿಕ್ ಚೂರು ಹೊಕ್ಕರೂ ಕಣ್ಣು ಅದನ್ನು ಸಹಿಸಿಕೊಂಡದ್ದನ್ನು ಅವರು ಗಮನಿಸಿದ್ದರು. ಈಗ ಗಾಯ ಎರಡು ಮೂರು ಮಿಲಿಮೀಟರ್ ಅಷ್ಟೆ. ಮರಳಿನ ಚೀಲ ಬೇಕಿಲ್ಲ, ದಪ್ಪ ಕನ್ನಡಕವೂ ಬೇಕಿಲ್ಲ. ನಮ್ಮ ನಾಡಿನಲ್ಲೇ ಡಾ. ಎಂ.ಸಿ. ಮೋದಿ ಅವರು ಊರೂರಿನಲ್ಲಿ ಶಿಬಿರ ಮಾಡಿ ಲಕ್ಷಾಂತರ ಜನರಿಗೆ ಕಣ್ಣು ಕೊಟ್ಟದ್ದನ್ನು ಹಿರಿಯರು ಬಲ್ಲರು.

ಆದರೂ ಅಪಾಯ ಸೊನ್ನೆ ಅಲ್ಲ. ಇದನ್ನೇ ನಾನು ಮೇಷ್ಟ್ರಿಗೆ ಹೇಳಬೇಕಾಗಿತ್ತು, ಹೇಳಲಿಲ್ಲ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಹೊಸದನ್ನು ಬಿಡುಗಡೆ ಮಾಡುವ ಮೊದಲು ಏನೇನು ಕೆಡಬಹುದು, ಕೆಟ್ಟರೆ ಏನು ಮಾಡುತ್ತೇವೆ ಎಂದು ಗ್ರಾಹಕರಿಗೆ ಬರೆದುಕೊಡುತ್ತೇವೆ. ಅಲ್ಲಿ ಕೆಟ್ಟರೆ ಹಳೆಯದಕ್ಕೆ ಮರಳಬಹುದು. ಕಣ್ಣಿಗೆ ಅದೂ ಇಲ್ಲ. ಹಾಗಿದ್ದೂ ಕಣ್ಣಿನ ವಿಷಯದಲ್ಲಿ ಏನೂ ಆಗುವುದಿಲ್ಲ ಎಂದುಬಿಟ್ಟೆ.

ಆದ್ದರಿಂದ ಈಗ ಬರೆಯುತ್ತೇನೆ. ಈ ಸಂಚಿಕೆ ಓದುವ ಎಷ್ಟೋ ಜನರ ಮನೆಯಲ್ಲಿ ಪೊರೆ ಬಂದ ತಂದೆತಾಯಿ ಇದ್ದಾರೆ. ಆಪರೇಷನ್ ಆದವರಲ್ಲಿ ಬಹುಪಾಲು ಜನರಿಗೆ ಚೆನ್ನಾಗಿ ಕಾಣುತ್ತದೆ. ಅಪರೂಪಕ್ಕೆ ಕಣ್ಣಿನೊಳಗೆ ಸೋಂಕಾಗಿ ಕೀವಾಗಬಹುದು. ಎಲ್ಲಕ್ಕಿಂತ ಭಯಪಡಬೇಕಾದದ್ದು ಇದಕ್ಕೆ. ಆಪರೇಷನ್ ವೇಳೆ ಲೆನ್ಸಿನ ಚೀಲ ಹರಿಯಬಹುದು. ಕಣ್ಣಿನ ಒತ್ತಡ ಏರಬಹುದು. ಹಿಂಬದಿಯ ರೆಟಿನಾ ಊದಿಕೊಳ್ಳಬಹುದು, ಅಪರೂಪಕ್ಕೆ ಕಳಚಿಕೊಳ್ಳಲೂಬಹುದು. ಸಕ್ಕರೆ ಕಾಯಿಲೆ ಇದ್ದವರು ಅದನ್ನು ಹತೋಟಿಗೆ ತಂದುಕೊಂಡೇ ಹೋಗಬೇಕು. ಆಪರೇಷನ್ ಆದ ಮೇಲೆ ನೋವು ಹೆಚ್ಚಾದರೆ, ಕಣ್ಣು ಕೆಂಪೇರಿದರೆ, ಕಾಣುತ್ತಿದ್ದದ್ದು ಮಸುಕಾದರೆ, ಮಿಂಚು ಹೊಡೆದಂತೆ ಅಥವಾ ಪರದೆ ಇಳಿದಂತೆ ಕಂಡರೆ, ನಾಳೆ ನೋಡೋಣ ಎನ್ನದೆ ಅದೇ ದಿನ ಡಾಕ್ಟರ ಬಳಿ ಹೋಗಬೇಕು. ಡ್ರಾಪ್ಸ್ ಹಾಕುವ ಮೊದಲು ಕೈ ತೊಳೆಯಬೇಕು, ಕಣ್ಣು ಉಜ್ಜಬಾರದು. ತಿಂಗಳುಗಳ ನಂತರ ನಿಧಾನವಾಗಿ ಮಂಜು ಕವಿದರೆ ಅದು ಬಹುಶಃ ಮೋನೆಗೆ ಬಂದ ಪರದೆ. ಈಗ ಅದಕ್ಕೆ ಕತ್ತರಿ ಬೇಡ, ಲೇಸರಿನಿಂದ ಕೆಲವೇ ನಿಮಿಷದಲ್ಲಿ ತೆರೆಯುತ್ತಾರೆ. ಅದಕ್ಕೂ ಮೊದಲು ಅದೇ ಹೌದೋ ಅಲ್ಲವೋ ಎಂದು ಡಾಕ್ಟರು ನೋಡಿ ಹೇಳಬೇಕು.

ಮುಂದಿನ ಶನಿವಾರವೇ ನಾನು ಊರಿಗೆ ಹೋದೆ. ಮೊದಲು ಕ್ಷಮೆ ಕೇಳಿದೆ. ಆಮೇಲೆ ಜಗಲಿಯ ಮೇಲೆ ಕುಳಿತು ಮೋನೆಯ ಕಥೆಯನ್ನು ಒಂದು ಗಂಟೆ ಹೇಳಿದೆ. ಮೇಷ್ಟ್ರು ನಡುವೆ ಮಾತಾಡಲಿಲ್ಲ. ಕೊನೆಗೆ, ಆ ಮನುಷ್ಯ ಎಡಗಣ್ಣಿಗೆ ಏಕೆ ಮಾಡಿಸಿಕೊಳ್ಳಲಿಲ್ಲ ಎಂದು ಕೇಳಿದರು. ಹೆದರಿಕೆ ಇರಬಹುದು ಸಾರ್ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಕಾಫಿ ತರಲು ಮಗಳಿಗೆ ಹೇಳಿದರು.

ಆ ವಾರವೇ ಲೇಸರ್ ಆಯಿತು. ಮನೆಗೆ ಬಂದವರು ಒಂದೊಂದೇ ಕಣ್ಣು ಮುಚ್ಚಿ ಸುಣ್ಣದ ಗೋಡೆಯನ್ನು ನೋಡಿದರಂತೆ. ಎಡಗಣ್ಣಿಗೆ ಅದು ಟೀ ಬಿದ್ದ ಬಟ್ಟೆಯ ಬಣ್ಣ, ಬಲಗಣ್ಣಿಗೆ ನೀಲಿ ಹಾಕಿ ಒಗೆದ ಪಂಚೆಯ ಬಣ್ಣ. ಇದನ್ನು ಹೇಳಲು ಅವರೇ ನನಗೆ ಫೋನ್ ಮಾಡಿದರು. ಎಡಗಣ್ಣಿನ ಆಪರೇಷನ್‌ಗೆ ಮಹೋತ್ಸವ ಮುಗಿದ ಮರುವಾರ ದಿನ ಗೊತ್ತಾಗಿದೆ. ಈ ಸಲ ನನ್ನ ಮಾತು ಕೇಳಿ ಒಪ್ಪಿದ್ದಲ್ಲ. ತಾವೇ ಡಾಕ್ಟರ ಬಳಿ ಕುಳಿತು, ಏನೇನು ಆಗಬಹುದು ಎಂದು ಒಂದೊಂದಾಗಿ ಕೇಳಿ, ಡ್ರಾಯಿಂಗ್ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದುಕೊಂಡು ಬಂದಿದ್ದಾರೆ.

ಮಹೋತ್ಸವದ ವೇದಿಕೆಯ ಹಿಂದಿನ ಸರಸ್ವತಿಯ ಚಿತ್ರವನ್ನು ಅವರೇ ಬರೆಯುತ್ತಿದ್ದಾರೆ. ಬಂದವರು ದಯವಿಟ್ಟು ಸ್ವಲ್ಪ ಹಿಂದೆ ನಿಂತು ನೋಡಬೇಕು.